ಒಗ್ಗರಣೆ ಇಲ್ಲದ ಸಾರು

ಪಕ್ಕದ ಮನೆಯ ಅಕ್ಕನ ಬಲ ಅಂಗೈಯಲ್ಲಿ ಸದಾ ಮಸಿ ಇರುತ್ತಿತ್ತು. ಬೆರಳುಗಳ ತುದಿಯಲ್ಲಲ್ಲ, ಹೆಬ್ಬೆರಳಿನ ಬುಡದಲ್ಲಿ ಉಬ್ಬಿರುತ್ತದಲ್ಲ, ಅಲ್ಲಿ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಗೆರೆಗಳ ಒಳಗೆ ಸಣ್ಣಗೆ ಕಪ್ಪು ಉಳಿದುಕೊಳ್ಳುತ್ತಿತ್ತು. ಉಳಿದಂತೆ ಅವರು ಬಹಳ ಚೊಕ್ಕಟದ ಹೆಂಗಸು. ಎಣ್ಣೆ ಹಾಕಿ ಬಿಗಿಯಾಗಿ ಸುತ್ತಿದ ತುರುಬು, ಅದರ ಪಕ್ಕಕ್ಕೆ ಒಂದು ತುಂಡು ಕನಕಾಂಬರ, ಹಣೆಯಲ್ಲಿ ಕಾಸಿನಗಲ ಕುಂಕುಮ. ಅಂಥವರ ಕೈಯಲ್ಲಿ ಮಸಿ ಏಕೆ ಎಂದು ಮೊದಲ ದಿನ ನೋಡಿದಾಗಲೇ ನನಗೆ ಅನ್ನಿಸಿತ್ತು.

ಅದು ಪಾತ್ರೆಯ ಮಸಿಯಲ್ಲ, ಗೋಡೆಯದು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಾವಿದ್ದದ್ದು ಹೆಂಚಿನ ಸಾಲುಮನೆ. ನನ್ನ ಅಡುಗೆಮನೆಗೂ ಅಕ್ಕನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಕಟ್ಟಿಸಿದವರು ಎರಡು ಹೊಗೆಗೂಡು ಯಾಕೆಂದು ಆ ಗೋಡೆಗೆ ಆತು ಆ ಬದಿಗೊಂದು ಈ ಬದಿಗೊಂದು ಸೌದೆ ಒಲೆ ಹಾಕಿಸಿ, ಮೇಲೆ ಒಂದೇ ಹೊಗೆಗೂಡು ಬಿಟ್ಟಿದ್ದರು. ಆ ಕಡೆ ಒಲೆ ಉರಿದರೆ ಈ ಕಡೆ ಗೋಡೆ ಬೆಚ್ಚಗಾಗುತ್ತಿತ್ತು. ಅಕ್ಕ ಬೆಳಿಗ್ಗೆ ಎದ್ದು ಮುಖ ತೊಳೆದು, ತಮ್ಮ ಒಲೆ ಹಚ್ಚುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು. ಬೆಚ್ಚಗಿದ್ದರೆ ಪಕ್ಕದ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಲೆಕ್ಕ. ಎಷ್ಟೋ ವರ್ಷ ಹಾಗೆ ಇಟ್ಟೂ ಇಟ್ಟೂ ಅವರ ಕಡೆಯ ಗೋಡೆಯಲ್ಲಿ, ಒಲೆಗಿಂತ ಸ್ವಲ್ಪ ಮೇಲೆ, ಒಂದು ಕೈಯಗಲ ಜಾಗ ನುಣುಪಾಗಿ ಹೊಳೆಯುತ್ತಿತ್ತು.

ನಾನು ಆ ಮನೆಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ. ನನ್ನ ತವರು ಮಾರ್ಕೋನಹಳ್ಳಿಯ ನಾಲೆಯ ಕೆಳಗಿನ ಒಂದು ಊರು. ತಾಯಿ ಇಲ್ಲದ ತವರು. ಗಂಡನ ಮನೆ ಕುಣಿಗಲ್. ಗಂಡ ಲಾರಿ ಡ್ರೈವರ್. ಗುಬ್ಬಿ ಕಡೆಯ ಕೊಬ್ಬರಿಯನ್ನು ಉತ್ತರದ ಊರುಗಳಿಗೆ ಹೊಡೆಯುತ್ತಿದ್ದರು. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನಾನು ಆ ಮನೆಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಒಬ್ಬಳೇ ಇದ್ದಾಗ ತಡವಾಗಿ ಎದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಕ್ಕ.

"ಏನೇ ಹುಡುಗಿ, ಗೋಡೆ ತಣ್ಣಗೈತಲ್ಲ, ಜ್ವರವಾ?"

"ಇಲ್ಲ ಅಕ್ಕ, ನಿದ್ದೆ ಬಂದ್ಬಿಡ್ತು."

"ನಿದ್ದೆ ಬಂದ್ರೆ ಮಾಡು, ಬ್ಯಾಡ ಅಂದೋರ್ಯಾರು? ಎದ್ದ ಮ್ಯಾಲೆ ಮೊದ್ಲು ಒಲೆ ಹಚ್ಚು. ಯಾರಿಗೋ ಅಲ್ಲ, ನಿನಗೆ."

ಅಕ್ಕನ ಬದುಕು ಮುತ್ತುಗದ ಎಲೆಯದು. ಅವರ ತವರು ಗುಬ್ಬಿ. ಅಲ್ಲಿಂದ ಅಣ್ಣನ ಮಗ ರೈಲಿನಲ್ಲಿ ಎಲೆಯ ಕಟ್ಟು ಕಳಿಸುತ್ತಿದ್ದ. ಅಕ್ಕ ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕುಳಿತು ಕಡ್ಡಿ ಮುರಿದು ಮುರಿದು ಊಟದ ಎಲೆ ಹಚ್ಚಿ, ಹೋಟೆಲುಗಳಿಗೆ ಕೊಡುತ್ತಿದ್ದರು. ಆದರೆ ಹೊಸ ಕಟ್ಟು ಬಿಚ್ಚಿದಾಗ ಮೊದಲು ಮಾಡುತ್ತಿದ್ದ ಕೆಲಸ ಬೇರೆ. ತೂತಿಲ್ಲದ, ಹುಳು ಮುಟ್ಟದ, ಅಗಲವಾದ ಎಲೆಗಳನ್ನು ಆರಿಸಿ ತಮಗೆಂದು ಹಚ್ಚಿಕೊಂಡು ಅಟ್ಟದ ಮೇಲೆ ಇಡುತ್ತಿದ್ದರು. ದಿನಾ ಒಂದನ್ನು ತೆಗೆದು, ನೀರು ಚಿಮುಕಿಸಿ ಒರೆಸಿ, ಮಣೆ ಹಾಕಿ ಕುಳಿತು, ಮೊದಲು ತುದಿಗೆ ಉಪ್ಪು, ಪಕ್ಕಕ್ಕೆ ಒಂದು ಚೂರು ಉಪ್ಪಿನಕಾಯಿ, ಆಮೇಲೆ ಮುದ್ದೆ, ಸಾರು, ಕೊನೆಗೆ ಒಂದು ಹಿಡಿ ಅನ್ನ ಮಜ್ಜಿಗೆ. ಒಬ್ಬರೇ ಇರುವ ಮನೆಯಲ್ಲಿ ಈ ಬಡಿಸಿಕೊಳ್ಳುವ ಸಡಗರವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನಮ್ಮಲ್ಲಿ ಹೆಂಗಸರು ಉಣ್ಣುವುದೆಂದರೆ ಎಲ್ಲರದ್ದೂ ಆದ ಮೇಲೆ ಒಲೆಯ ಮುಂದೆ, ತಳದಲ್ಲಿ ಉಳಿದದ್ದನ್ನು, ಪಾತ್ರೆಯಲ್ಲೇ.

ಮಂಗಳವಾರ, ಶುಕ್ರವಾರ ಎಣ್ಣೆನೀರು. ಮಧ್ಯಾಹ್ನ ಒಂದು ಗಳಿಗೆ ಚಾಪೆ. ಸಂಜೆ ಹಿತ್ತಾಳೆ ಲೋಟದಲ್ಲಿ ಕಾಫಿ, ಅದನ್ನು ಕುಡಿಯುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಇದೆಲ್ಲ ಸಾಲಿನ ಹೆಂಗಸರ ಕಣ್ಣಿಗೆ ಬೀಳದೆ ಇರುತ್ತದೆಯೇ? ಅಕ್ಕನ ಗಂಡ ಇರಲಿಲ್ಲ. ಸತ್ತ ಸುದ್ದಿಯೂ ಇರಲಿಲ್ಲ. ಎಲ್ಲಿದ್ದಾರೋ ಗೊತ್ತಿರಲಿಲ್ಲ. ಎದುರುಮನೆಯಮ್ಮ ಒಮ್ಮೆ ನಲ್ಲಿಯ ಹತ್ತಿರ, ಅಕ್ಕನಿಗೆ ಕೇಳಲಿ ಎಂದೇ, ಹೇಳಿದ್ದರು: "ಗಂಡ ಇದಾನೋ ಇಲ್ವೋ ದೇವರಿಗೇ ಗೊತ್ತು. ಇವಳ ಹೂವೇನು, ಎಲೆ ಊಟ ಏನು!"

ಅಕ್ಕ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಅಂದರು: "ಕಾಯೋದೂ ಒಂದು ಕೂಲಿ ಕೆಲ್ಸ ಕಣಮ್ಮಾ. ಹೊಟ್ಟೆಗಾಕ್ಕಂಡೇ ಮಾಡ್ಬೇಕು." ಅದನ್ನು ನಾನು ಆಗ ಬಿರುಸು ಮಾತು ಅಂದುಕೊಂಡೆ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಶ್ರಾವಣದಲ್ಲಿ ನನ್ನ ಗಂಡ ಕೊಬ್ಬರಿ ಲೋಡಿನೊಂದಿಗೆ ಉತ್ತರಕ್ಕೆ ಹೋದರು. ಬರುವ ವೇಳೆ ಕಳೆಯಿತು. ಅಕ್ಕನ ಮನೆಯ ರೇಡಿಯೋದಲ್ಲಿ ಆ ಕಡೆ ನದಿ ಉಕ್ಕಿದೆ, ಸೇತುವೆ ಕೊಚ್ಚಿಹೋಗಿದೆ ಎಂದರು. ನಾನು ಲಾರಿ ಆಫೀಸಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಸಾಹೇಬರು ವಯಸ್ಸಾದವರು, ನನ್ನ ಗಂಡನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು. ಟ್ರಂಕ್ ಕಾಲ್ ಹಾಕುತ್ತಲೇ ಇದ್ದರು. "ಲೈನ್ ಸಿಗ್ತಾ ಇಲ್ಲ ಬೇಟಿ. ಸಿಕ್ಕಿದ ಕೂಡ್ಲೆ ನಾನೇ ಬರ್ತೀನಿ, ನೀನು ಈ ಹೊಟ್ಟೆ ಇಟ್ಕೊಂಡು ಓಡಾಡಬೇಡ" ಎಂದರು.

ಕೆಲವು ದಿನಗಳ ಮೇಲೆ ಅವರೇ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಲಾರಿ ಸಿಕ್ಕಿದೆ, ನೀರಿನಲ್ಲಿ ಮಗುಚಿ ಬಿದ್ದಿದೆ. ಒಳಗೆ ಯಾರೂ ಇಲ್ಲ. ಡ್ರೈವರ್ ಇಲ್ಲ, ಕ್ಲೀನರ್ ಇಲ್ಲ. "ಅಷ್ಟೇ ಖಬರ್. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ, ಅದಕ್ಕಿಂತ ಹೆಚ್ಚು ನೀನೂ ತಿಳ್ಕೋಬೇಡ" ಎಂದರು. ಈ ಮಾತು ಎಷ್ಟು ಸರಿಯಾದ ಮಾತು ಎಂದು ಈಗ ಅನ್ನಿಸುತ್ತದೆ. ಆಗ ಕಿವಿಗೆ ಬಿದ್ದದ್ದು 'ಮಗುಚಿ' ಅನ್ನುವ ಒಂದು ಪದ ಮಾತ್ರ.

ಆ ದಿನಗಳ ಬಗ್ಗೆ ಒಂದು ಸಂಗತಿಯನ್ನು ನಾನು ಯಾರಿಗೂ ಹೇಳಿಲ್ಲ. ನನಗೆ ಹಸಿವಾಗುತ್ತಿತ್ತು. ಬಸುರಿನ ಹಸಿವು ಅದು, ಹೇಳಿ ಕೇಳಿ ಬರುವುದಲ್ಲ. ಗಂಡ ನೀರಿನ ಪಾಲಾದರೋ ಎಂದು ಎದೆ ಹೊಡೆದುಕೊಳ್ಳುತ್ತಿರುವಾಗಲೇ ಬಾಯಿಗೆ ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು ಬೇಕು ಅನ್ನಿಸುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿನಲ್ಲೇ ಇರುತ್ತಿತ್ತು. ಇಂಥ ಹೊತ್ತಿನಲ್ಲಿ ಉಣ್ಣಬೇಕು ಅನ್ನಿಸುವ ನಾನು ಎಂಥ ಹೆಂಗಸು ಎಂದು ನಾಚಿಕೆಯಾಗಿ, ಒಲೆಯನ್ನೇ ಹಚ್ಚಲಿಲ್ಲ. ನೀರು ಕುಡಿದು ಗೋಡೆಗೆ ಒರಗಿ ಕೂರುತ್ತಿದ್ದೆ. ಬೆನ್ನಿಗೆ ಅಕ್ಕನ ಒಲೆಯ ಬಿಸಿ ತಾಕುತ್ತಿತ್ತು.

ಅಕ್ಕನಿಗೆ ನನ್ನ ಗೋಡೆ ತಣ್ಣಗೆ ತಾಕಿತ್ತು. ಬಂದರು. ನನ್ನ ಒಲೆಯ ಬೂದಿ ಕೆದಕಿ, ಸೌದೆ ಇಟ್ಟು, ಊದುಕೊಳವೆಯನ್ನು ನನ್ನ ಕೈಗೆ ಕೊಟ್ಟರು.

"ಊದು."

"ನನಗೆ ಬೇಡ ಅಕ್ಕ."

"ಬೇಕಾ ಬ್ಯಾಡವಾ ಅಂತ ನಿನ್ನ ಯಾರು ಕೇಳಿದ್ರು? ಊದು ಅಂದೆ."

ಊದಿದೆ. ಹೊಗೆಗೋ ಏನೋ ಕಣ್ಣೀರು ಬಂತು. ಅಕ್ಕ ಮುದ್ದೆ ತಿರುವಿದರು. ಬಸ್ಸಾರಿಗೆ ಒಗ್ಗರಣೆಯನ್ನು ನನ್ನ ಕೈಯಲ್ಲೇ ಹಾಕಿಸಿದರು. ತಮ್ಮ ಅಟ್ಟದ ಮೇಲಿನ ಎಲೆ ತಂದು ಹಾಸಿ, ಎದುರಿಗೆ ಕುಳಿತರು.

"ಹಸಿವಾಗ್ತೈತೆ ಅಂತ ನಾಚಿಕೆಯಾ?"

ನಾನು ತಲೆ ತಗ್ಗಿಸಿದೆ.

"ಹೊಟ್ಟೆಗೇನು ಗೊತ್ತು ಲಾರಿ ಮಗುಚಿದ್ದು? ಅದಕ್ಕೆ ಅದರ ಕೆಲ್ಸ. ಉಣ್ಣು. ಅಳಬೇಕು ಅಂದ್ರೆ ಉಂಡ್ಕಂಡು ಅಳು, ಗಟ್ಟಿಯಾಗಿ ಅಳಬೋದು."

ನಾನು ಉಂಡೆ. ಇನ್ನೊಂದು ತುತ್ತು ಬೇಕು ಎಂದು ಕೇಳಿಯೂ ಉಂಡೆ. ಆಮೇಲೆ ಅವರು ಹೇಳಿದಂತೆಯೇ ಗಟ್ಟಿಯಾಗಿ ಅತ್ತೆ. ಅಕ್ಕ ಎಲೆ ಮಡಿಸಿ ತೆಗೆದುಕೊಂಡು ಹೋದರು.

ಅದಾದ ಮೇಲೆ ದಿನಾ ಹಾಗೆಯೇ ನಡೆಯಿತು. ಬೆಳಿಗ್ಗೆ ಒಲೆ, ಹೊತ್ತಿಗೆ ಊಟ, ಶುಕ್ರವಾರ ತಲೆಗೆ ಹರಳೆಣ್ಣೆ. ಸುದ್ದಿ ಮಾತ್ರ ಏನೂ ಇಲ್ಲ. ಸಾಹೇಬರು ಸಂಜೆ ಬೀದಿಯ ತುದಿಯಲ್ಲಿ ಕಾಣಿಸಿಕೊಂಡು, ಹತ್ತಿರ ಬಾರದೆ, ಅಲ್ಲಿಂದಲೇ 'ಇಲ್ಲ' ಎಂದು ಕೈ ಆಡಿಸಿ ಹೋಗುತ್ತಿದ್ದರು. ಹತ್ತಿರ ಬಂದರೆ ನಾನು ಹೆದರುತ್ತೇನೆ ಎಂದು ಅವರಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಎದುರುಮನೆಯಮ್ಮ ಬಂದರು. ಕೈಯಲ್ಲಿ ಎರಡು ಪಾತ್ರೆ, ಮೇಲೆ ಬಾಳೆ ಎಲೆಯ ಚೂರು ಮುಚ್ಚಿತ್ತು. "ಅನ್ನ, ಸಾರು ತಂದೆ ಕಣೇ. ನೀನು ಯಾಕೆ ಕಷ್ಟ ಪಡ್ತೀಯ, ಒಂದೆರಡು ದಿನ ಒಲೆ ಹಚ್ಚಬೇಡ, ನಾವೆಲ್ಲ ಇಲ್ವಾ" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ಅದು ನಟನೆಯಲ್ಲ, ಇವತ್ತಿಗೂ ನಾನು ಆಣೆ ಮಾಡಿ ಹೇಳಬಲ್ಲೆ. ನಾನು ಪಾತ್ರೆಗೆ ಕೈ ಚಾಚಿದೆ. ಪಕ್ಕದಲ್ಲಿ ಎಲೆ ಹಚ್ಚುತ್ತಿದ್ದ ಅಕ್ಕ ಎದ್ದು ಬಂದು ಬಾಳೆ ಎಲೆ ಸರಿಸಿದರು. ಬಗ್ಗಿ ವಾಸನೆ ನೋಡಿದರು.

"ಒಗ್ಗರಣೆ ಎಲ್ಲಮ್ಮಾ?"

ಎದುರುಮನೆಯಮ್ಮ ಪಾತ್ರೆಯೊಳಗೆ ನೋಡಿದರು. ಸಾರಿನ ಮೇಲೆ ಒಂದು ಸಾಸಿವೆ ಕಾಳಿಲ್ಲ, ಕರಿಬೇವಿಲ್ಲ, ಎಣ್ಣೆಯ ಒಂದು ಕಣ್ಣಿಲ್ಲ. ನಮ್ಮ ಕಡೆ ಒಗ್ಗರಣೆ ಇಲ್ಲದ ಸಾರನ್ನು ಒಯ್ಯುವುದು ಒಂದೇ ಮನೆಗೆ. ಹೆಣ ಎತ್ತಿದ ಮನೆಗೆ. ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ನೆರೆಯವರು ಸಪ್ಪೆ ಸಾರು ತಂದು ಕೊಡಬೇಕು. ಎದುರುಮನೆಯಮ್ಮ ಬೇಕೆಂದು ಹಾಗೆ ಮಾಡಿರಲಿಲ್ಲ. ಅವರ ಕೈ ತಾನಾಗಿ ಹಾಗೆ ಮಾಡಿತ್ತು. ಆ ಕೈಯ ಪಾಲಿಗೆ ನನ್ನ ಗಂಡ ಆಗಲೇ ಸತ್ತಿದ್ದರು.

"ಅಯ್ಯೋ, ನನಗೆ... ಮರ್ತೇ ಹೋಯ್ತು ಕಣ್ರೀ" ಎಂದು ಅವರು ಅಳತೊಡಗಿದರು.

"ಅಳಬ್ಯಾಡಿ. ತಗಂಡೋಗಿ ಒಗ್ಗರಣೆ ಹಾಕ್ಕಂಡು ಬನ್ನಿ. ಆಮೇಲೆ ಇಸ್ಕೊತೀವಿ" ಎಂದರು ಅಕ್ಕ. ದನಿ ಜೋರಿರಲಿಲ್ಲ. ಆದರೆ ಬಾಗಿಲಿನಲ್ಲಿ ಅಡ್ಡ ನಿಂತಿದ್ದರು. ಎದುರುಮನೆಯಮ್ಮ ಹೋದವರು ಆ ದಿನ ಮತ್ತೆ ಬರಲಿಲ್ಲ.

ನಾನು ಬಾಗಿಲ ಹತ್ತಿರವೇ ಕುಳಿತೆ. ಬೀದಿಗೆ ಬೀದಿಯೇ ತೀರ್ಮಾನ ಮಾಡಿಬಿಟ್ಟಿದೆ ಎಂದು ಆಗ ನನಗೆ ಗೊತ್ತಾಯಿತು. ಅಕ್ಕ ನನ್ನ ಪಕ್ಕ ಕುಳಿತು, ತಮ್ಮ ಕಥೆಯನ್ನು ಆ ಒಂದು ಸಲ ಹೇಳಿದರು. ಅದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನನ್ನ ಕುಣಿಗಲ್‌ಗೆ ಕೊಟ್ಟಿದ್ರು. ನಮ್ಮೋರಿಗೆ ಕುದುರೆ ನೋಡ್ಕಳೋ ಕೆಲ್ಸ. ರೇಸ್ ಕುದುರೆ ತಗಂಡು ರೈಲಲ್ಲಿ ಬೊಂಬಾಯಿಗೆ ಹೋದ್ರು. ಕುದುರೆ ಮುಟ್ಟಿದ್ವು, ಇವ್ರು ಮುಟ್ಟಲಿಲ್ಲ. ನಡುವೆ ಯಾವ ಸ್ಟೇಷನ್‌ನಲ್ಲಿ ಇಳಿದ್ರೋ. ಹುಡುಕಿದ್ರು, ಸಾಕಾಯ್ತು. ಒಂದಿನ ನಮ್ಮತ್ತೆ ಒಲೆಗೆ ನೀರು ಹಾಕಿದ್ರು. ಬೀದಿಯೋರು ಸಾರು ತಂದ್ರು. ನಂಗೂ ಎಲ್ಲಿಲ್ಲದ ಹಸಿವು, ಉಂಡ್ಬುಟ್ಟೆ. ಉಂಡ ಮ್ಯಾಲೆ ಗೊತ್ತಾಯ್ತು ಕಣೇ, ಸಾರಿಗೆ ಒಗ್ಗರಣೆ ಇಲ್ಲ ಅಂತ. ನನ್ನ ಗಂಡ ಸತ್ತ ಅಂತ ನಾನೇ ಉಂಡು ಒಪ್ಕಂಡಂಗಾಯ್ತು. ಮಾರನೇ ದಿನ ಬಳೆ ಒಡೀತೀವಿ ಅಂತ ಬಂದ್ರು. ಎದ್ದು ಗುಬ್ಬಿಗೆ ಹೋಗ್ಬುಟ್ಟೆ. ಅಲ್ಲಿಂದ ಇಲ್ಲಿಗೆ."

ಎದ್ದು ನಿಂತು, "ಸುದ್ದಿ ಬರೋಗಂಟ ಸುದ್ದಿ ಇಲ್ಲ ಅಷ್ಟೇಯ. ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ಅಲ್ಲೀಗಂಟ ಒಗ್ಗರಣೆ ಹಾಕು" ಎಂದರು.

ಅದೇ ವಾರ ಕುಣಿಗಲ್‌ನಿಂದ ನನ್ನ ಅತ್ತೆ ಬಸ್ಸಿನಲ್ಲಿ ಬಂದರು. ಮಗನ ಸುದ್ದಿ ಕೇಳಿದಂದಿನಿಂದ ಅವರು ಏನೂ ತಿಂದಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು. "ನಡಿ ಊರಿಗೆ. ಇಲ್ಲಿ ಬೀಗ ಹಾಕು. ಯಾರಿದಾರೆ ಇಲ್ಲಿ ನಿಂಗೆ? ಆಗಬೇಕಾದ್ದು ಅಲ್ಲೇ ಆಗಲಿ" ಎಂದರು. ಆಗಬೇಕಾದ್ದು ಎಂದರೆ ಏನೆಂದು ಅವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ರಂಕು ತೆಗೆದು ಸೀರೆಗಳನ್ನು ಇಡತೊಡಗಿದೆ.

ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತಲ್ಲ, ಅಕ್ಕ ಬಂದು ನಡುಮನೆಯಲ್ಲಿ ನಿಂತರು. "ಅಮ್ಮಾ, ಹೆರಿಗೆಗೆ ಕರ್ಕಂಡೋಗ್ತೀರಾ, ಕರ್ಕಂಡೋಗಿ. ತಿಥಿಗೆ ಮಾತ್ರ ಕರ್ಕಂಡೋಗಬ್ಯಾಡಿ" ಎಂದರು.

ಅತ್ತೆಗೆ ಸಿಟ್ಟು ಬಂತು. "ನೀನ್ಯಾರೇ ಹೇಳಕ್ಕೆ? ಹೆತ್ತೋಳು ನಾನು! ನನ್ನ ಹೊಟ್ಟೆ ಉರಿ ನಿಂಗೇನು ಗೊತ್ತು?"

"ಗೊತ್ತಿಲ್ಲ ತಾಯಿ. ನಂಗೆ ಮಕ್ಕಳಾಗೋ ಹೊತ್ತು ಬರಲಿಲ್ಲ" ಎಂದರು ಅಕ್ಕ. ಅತ್ತೆ ಕೆಳಗೆ ಕುಳಿತರು. ಆಗ ಅಕ್ಕ, ಬೇರೇನೋ ನೆನಪಾದವರಂತೆ, "ಶಾವಿಗೆ ಒತ್ತಬೇಕು ಅಂತ ಹಿಟ್ಟು ಬೇಯಕ್ಕೆ ಇಟ್ಟಿದೀನಿ. ಇವಳು ಬಸುರಿ, ಮಣೆ ಮೇಲೆ ಭಾರ ಹಾಕಂಗಿಲ್ಲ. ನಾನೊಬ್ಳೇ ಆಗಲ್ಲ. ಬರ್ತೀರಾ?" ಎಂದರು.

ಒತ್ತು ಶಾವಿಗೆ ಒಬ್ಬರಿಂದ ಆಗುವ ಅಡುಗೆಯಲ್ಲ. ಬೆಂದ ಹಿಟ್ಟಿನ ಉಂಡೆಯನ್ನು ಒಬ್ಬರು ಶಾವಿಗೆ ಮಣೆಯ ಒರಳಿಗೆ ಹಾಕಿ ಕೆಳಗೆ ತಟ್ಟೆ ಹಿಡಿಯಬೇಕು, ಇನ್ನೊಬ್ಬರು ಮೇಲಿನ ಮರದ ತೋಳಿನ ಮೇಲೆ ಮೈಭಾರವೆಲ್ಲ ಹಾಕಿ ಒತ್ತಬೇಕು. ಉಂಡೆ ಆರಿದರೆ ಕೆಟ್ಟಿತು, ಆಗ ಯಾರಿಗೂ ಬೇರೆ ಯೋಚನೆಗೆ ಬಿಡುವಿರುವುದಿಲ್ಲ. ಅತ್ತೆ ಹೋದರು. ಯಾಕೆ ಹೋದರೋ ನನಗೆ ಈಗಲೂ ತಿಳಿಯದು. ಬೇಯುತ್ತಿರುವ ಹಿಟ್ಟನ್ನು ಬಿಟ್ಟು ಬರಲು ಆ ಕಾಲದ ಹೆಂಗಸಿಗೆ ಆಗುತ್ತಿರಲಿಲ್ಲ, ಅಷ್ಟೇ ಇರಬೇಕು. ಅವರು ಸೆರಗು ಸಿಕ್ಕಿಸಿ ಆ ತೋಳಿನ ಮೇಲೆ ಬಿದ್ದು ಒತ್ತಿದರು. ಒತ್ತುತ್ತಾ ಒತ್ತುತ್ತಾ, 'ನನ್ನಪ್ಪಾ, ನನ್ನಪ್ಪಾ' ಎಂದು ಮಗನನ್ನು ಕರೆದು ಅತ್ತರು. ಕೆಳಗೆ ಬಿಳಿ ಶಾವಿಗೆ ಸುತ್ತಿ ಸುತ್ತಿ ಬೀಳುತ್ತಿತ್ತು. ಅಕ್ಕ ತಟ್ಟೆ ತಿರುಗಿಸುತ್ತಾ, "ಇನ್ನೊಂದು ಚೂರು ಭಾರ ಹಾಕಿ ತಾಯಿ" ಎನ್ನುತ್ತಿದ್ದರು.

ಆ ಮಧ್ಯಾಹ್ನ ಮೂವರೂ ಶಾವಿಗೆಗೆ ಬೆಲ್ಲದ ಕಾಯಿಹಾಲು ಹಾಕಿಕೊಂಡು ತಿಂದೆವು. ಅತ್ತೆ ತಿಂದು, ಕೈ ತೊಳೆದು, ಅಕ್ಕನ ಚಾಪೆಯ ಮೇಲೆಯೇ ನಿದ್ದೆ ಹೋದರು. ಎದ್ದ ಮೇಲೆ ಟ್ರಂಕಿನ ಮಾತು ಎತ್ತಲಿಲ್ಲ. "ಕಾಯೋಣ ಬುಡು" ಎಂದರು.

ಕಾದೆವು. ನನ್ನ ಗಂಡ ಬಂದರು. ಒಂದು ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಬೀದಿಯ ತುದಿಯಲ್ಲಿ ಸಾಹೇಬರು ಕಾಣಿಸಿದರು. ಈ ಸಲ ಕೈ ಆಡಿಸಲಿಲ್ಲ, ನಡೆದು ಬರುತ್ತಲೇ ಇದ್ದರು. ನನ್ನ ಕೈಯಿಂದ ಚೊಂಬು ಬಿತ್ತು. ಅವರ ಹಿಂದೆ, ಅವರ ಹೆಗಲ ಮೇಲೆ ಕೈ ಊರಿಕೊಂಡು, ಗಡ್ಡ ಬಿಟ್ಟ, ಒಂದು ಕಾಲು ಎಳೆಯುವ ಮನುಷ್ಯ. ಲಾರಿ ಮಗುಚುವ ಮೊದಲೇ ಇವರೂ ಕ್ಲೀನರೂ ಹಾರಿದ್ದರು. ಕಾಲು ಮುರಿದು, ಜ್ವರ ಹಿಡಿದು, ಭಾಷೆ ತಿಳಿಯದ ಒಂದು ಊರಿನ ಆಸ್ಪತ್ರೆಯಲ್ಲಿ ಇಷ್ಟು ದಿನ ಬಿದ್ದಿದ್ದರು.

ಕೆಂಪು ನೀರು ಕಲಸಿ ದೃಷ್ಟಿ ತೆಗೆದವರು ಅಕ್ಕನೇ. "ಏನಪ್ಪಾ ಡ್ರೈವರು, ಕೊಬ್ಬರಿ ಮುಟ್ಟಿಸಿದ್ಯೋ, ಮೀನಿಗೆ ಹಾಕ್ಬಂದ್ಯೋ?" ಎಂದು ನಗಿಸಿದರು. ನನ್ನ ಗಂಡ ನಗುತ್ತಾ ಅತ್ತರು. ಅತ್ತೆ ಮಗನ ಕೈ ಬಿಡಲಿಲ್ಲ. ಎದುರುಮನೆಯಮ್ಮ ಹೋಳಿಗೆ ತಂದರು. ಆ ದಿನವೆಲ್ಲ ನಮ್ಮ ಒಲೆ ಆರಲೇ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಕಾಫಿಗೆ ನೀರಿಡಲು ಹೋದಾಗ, ಯಾಕೋ, ಅದುವರೆಗೆ ಒಮ್ಮೆಯೂ ಮಾಡದ ಕೆಲಸ ಮಾಡಿದೆ. ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು.

ಅಕ್ಕನ ಬಾಗಿಲು ಅಗುಳಿ ಹಾಕದೆ ಮುಂದೆ ಮಾಡಿತ್ತು. ಅವರು ಚಾಪೆಯ ಮೇಲೆ ಮಲಗಿದ್ದರು. ತುರುಬು ಬಿಚ್ಚಿತ್ತು, ಹಣೆ ಬರಿದಾಗಿತ್ತು. ಅವರನ್ನು ಹಾಗೆ ನಾನು ಕಂಡಿರಲಿಲ್ಲ. ಜ್ವರವೇ ಎಂದು ಮುಟ್ಟಿ ನೋಡಿದೆ. ಇರಲಿಲ್ಲ.

"ಹೋಗೇ, ನಿನ್ನ ಗಂಡ ಬಂದವ್ನೆ, ಹೋಗು" ಎಂದರು.

ನಾನು ಹೋಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದ ಹಾಗೆಯೇ ಅಕ್ಕ ಮಾತಾಡಿದರು. "ಇಷ್ಟು ವರ್ಷ ಅಂದ್ಕಂಡಿದ್ದೆ. ಹಂಗೆ ಹೋದೋರು ಬರಾಕಾಗಲ್ಲ, ಅದಕ್ಕೇ ನಮ್ಮೋರೂ ಬಂದಿಲ್ಲ ಅಂತ. ನಿನ್ನ ಗಂಡ ಮುರಿದ ಕಾಲು ಎಳ್ಕಂಡು ಬಂದ. ಅಂದ್ರೆ ಬರಬೋದು. ಇವ್ರು ಬರಲಿಲ್ಲ, ಅಷ್ಟೇಯ."

ನನ್ನ ಮನೆಗೆ ಬಂದ ಸಂತೋಷ ಆ ಗೋಡೆ ದಾಟಿ ಆ ಕಡೆ ಹೀಗೆ ಬಿದ್ದಿತ್ತು. ನಾನು ಎದ್ದು ಅವರ ಒಲೆಯ ಬೂದಿ ತೆಗೆದೆ. "ಬ್ಯಾಡ, ಇವತ್ತೊಂದಿನ ಬುಟ್ಬುಡು" ಎಂದರು. ನಾನು ಕೇಳಲಿಲ್ಲ. ನನ್ನ ಹೊಟ್ಟೆಯ ಭಾರಕ್ಕೆ ಬಗ್ಗಲಾಗದೆ ಕುಕ್ಕರುಗಾಲಿನಲ್ಲೇ ಊದಿದೆ. ಬೇಳೆ ಬೇಯಿಸಿದೆ, ಮೆಣಸು ಜೀರಿಗೆ ಕುಟ್ಟಿ ಸಾರು ಮಾಡಿದೆ. ಒಗ್ಗರಣೆಗೆ ಎಣ್ಣೆ ಇಟ್ಟೆ. ಕಣ್ಣು ಚಾಪೆಯ ಕಡೆಯೇ ಇತ್ತು. ಸಾಸಿವೆ ಸಿಡಿದು ಕಪ್ಪಾಗಿ ಹೊಗೆ ಎದ್ದಿತು.

ಚಾಪೆಯ ಮೇಲಿಂದ ದನಿ ಬಂತು: "ಸೀದೋಯ್ತು ಕಣೇ."

"ಸೀದ್ರೆ ಸೀಯ್ಲಿ ಅಕ್ಕ, ಏಳಿ."

ಎದ್ದರು. ಮುಖ ತೊಳೆದು ಬಂದರು. ನಾನು ಅಟ್ಟದಿಂದ ಎಲೆ ತೆಗೆದು ಹಾಸಿದೆ. ಒಂದು ತುತ್ತು ಬಾಯಿಗಿಟ್ಟು, "ಕಹಿ" ಎಂದರು. ಆದರೂ ಪೂರ್ತಿ ಉಂಡರು. ಕುಂಕುಮ ಇಟ್ಟುಕೊಂಡದ್ದು ಸಂಜೆ. ಇಡುವ ಮೊದಲು ಕನ್ನಡಿಯ ಮುಂದೆ ಕುಂಕುಮದ ಕರಡಿಗೆ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು. ಅದನ್ನು ನಾನು ನೋಡಿದೆನೆಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಅಕ್ಕ ಮೊದಲಿನಂತೆಯೇ ಇದ್ದರು ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳಲಾರೆ. ಹೂವು ಮುಡಿಯುತ್ತಿದ್ದರು, ಎಣ್ಣೆನೀರು ತಪ್ಪಿಸುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದರು. ಆದರೆ ಎಲೆಯ ಹೊಸ ಕಟ್ಟು ಬಂದಾಗ ಒಮ್ಮೊಮ್ಮೆ ಒಳ್ಳೆಯ ಎಲೆ ಆರಿಸದೆ ಹಾಗೆಯೇ ಹಚ್ಚಿಬಿಡುತ್ತಿದ್ದರು. ಆಗ ನಾನೇ ಕುಳಿತು ಆರಿಸಿ ತೆಗೆದಿಡುತ್ತಿದ್ದೆ.

ಎಂಬತ್ತರ ದಶಕದ ನಡುವೆ ನಮ್ಮ ಮನೆಗೆ ಗ್ಯಾಸ್ ಬಂತು. ಒಲೆ ಕಟ್ಟೆಯ ಮೇಲೆ, ಕಿಟಕಿಯ ಬಳಿ ಹೋಯಿತು. ಒಂದು ವಾರಕ್ಕೇ ಅಕ್ಕ ಬಂದು, "ನಿಮ್ಮ ಗೋಡೆ ಸತ್ತೋಯ್ತಲ್ಲೇ" ಎಂದರು. ಅವತ್ತಿನಿಂದ ನಾನು ಸ್ನಾನದ ನೀರನ್ನು ಹಳೆಯ ಸೌದೆ ಒಲೆಯಲ್ಲೇ ಕಾಯಿಸಿದೆ. ಗ್ಯಾಸ್ ಇಟ್ಟುಕೊಂಡು ಹೊಗೆ ಕುಡಿಯುತ್ತೀಯಲ್ಲ ಎಂದು ನನ್ನ ಗಂಡ ರೇಗಿಸುತ್ತಿದ್ದರು. ಬೆಳಿಗ್ಗೆ ಆ ಕಡೆಯೂ ಈ ಕಡೆಯೂ ಅಂಗೈ ಇಡುವುದು ನಡೆದೇ ಇತ್ತು. ಅಷ್ಟರಲ್ಲಿ ನನ್ನ ಅಂಗೈಯಲ್ಲೂ ಮಸಿ ಕೂತಿತ್ತು.

ಆ ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಗೋಡೆ ತಣ್ಣಗಿತ್ತು. ಓಡಿದೆ. ಅಕ್ಕ ಮಲಗಿದಲ್ಲೇ ಹೋಗಿದ್ದರು. ತುರುಬು ಬಿಗಿಯಾಗಿತ್ತು.

ಗುಬ್ಬಿಯಿಂದ ಅಣ್ಣನ ಮಗನ ಮನೆಯವರು ಬಂದರು. ಮೈ ತೊಳೆಸಿದ ಮೇಲೆ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಹಣೆಗೆ ಕುಂಕುಮ ಇಡುವುದೋ ಬಿಡುವುದೋ? ಮುತ್ತೈದೆಯೋ ಅಲ್ಲವೋ? ಯಾರಿಗೂ ಗೊತ್ತಿರಲಿಲ್ಲ. ನನಗೂ ಕೈ ಏಳಲಿಲ್ಲ. ಎದುರುಮನೆಯಮ್ಮ ಗೂಡಿನಿಂದ ಅಕ್ಕನ ಕರಡಿಗೆ ತೆಗೆದುಕೊಂಡು ಬಂದು, "ಸುದ್ದಿ ಏನಾದ್ರೂ ಬಂದಿದ್ಯೇನ್ರೀ? ಬಂದಿಲ್ವಲ್ಲ?" ಎಂದು ಎಲ್ಲರನ್ನೂ ಕೇಳಿ, ಕಾಸಿನಗಲ ಇಟ್ಟರು. ಹೆಣವನ್ನು ಗುಬ್ಬಿಗೆ ಒಯ್ದರು. ನಮ್ಮ ಬೀದಿಯಲ್ಲಿ ಅವರಿಗೆ ಸೂತಕ ಹಿಡಿಯಬೇಕಾದವರು ಯಾರೂ ಇರಲಿಲ್ಲ.

ನಾನು ಮನೆಗೆ ಬಂದು ಗ್ಯಾಸಿನ ಮುಂದೆ ನಿಂತೆ. ಹಚ್ಚಲಿಲ್ಲ. ಪಕ್ಕದ ಮನೆಯವಳು ನಾನು, ಸೂತಕ ನನಗೆ ತಾಕುವುದಿಲ್ಲ. ಆರಿದ ಒಲೆ ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ ಎಂಬುದೂ ಗೊತ್ತು. ಆದರೂ ಬೆಂಕಿಕಡ್ಡಿ ಗೀರಲು ಆಗಲಿಲ್ಲ.

ಮಧ್ಯಾಹ್ನ ಎದುರುಮನೆಯಮ್ಮ ಬಂದರು. ಕೈಯಲ್ಲಿ ಎರಡು ಪಾತ್ರೆ, ಮೇಲೆ ಬಾಳೆ ಎಲೆ. ಅವರಿಗೂ ವಯಸ್ಸಾಗಿತ್ತು. ಹೊಸ್ತಿಲಾಚೆಯೇ ನಿಂತು, "ಇಸ್ಕೊತೀಯೋ, ವಾಪಸ್ ಕಳಿಸ್ತೀಯೋ?" ಎಂದರು.

ನಾನು ಬಾಳೆ ಎಲೆ ಸರಿಸಿದೆ. ಬಗ್ಗಿ ವಾಸನೆ ನೋಡಿದೆ. ಸಾಸಿವೆ ಇಲ್ಲ, ಕರಿಬೇವಿಲ್ಲ, ಎಣ್ಣೆಯ ಒಂದು ಕಣ್ಣಿಲ್ಲ. ಈ ಸಲ ಅದು ಮರೆತದ್ದಲ್ಲ.

ಎರಡೂ ಕೈ ಚಾಚಿ ಇಸಿದುಕೊಂಡೆ. ಅಕ್ಕನ ಅಟ್ಟದಿಂದ ಎಲೆ ತಂದು ಹಾಸಿ, ಮಣೆ ಹಾಕಿ ಕುಳಿತು, ಆ ಸಪ್ಪೆ ಸಾರನ್ನು ಪೂರ್ತಿ ಉಂಡೆ.

ಮಾರನೆಯ ಬೆಳಿಗ್ಗೆ ಎದ್ದು ಮುಖ ತೊಳೆದು, ಸೌದೆ ಒಲೆ ಹಚ್ಚಿದೆ. ಒಗ್ಗರಣೆ ಹಾಕಿದೆ. ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಆದರೆ ಆ ಕಡೆ, ಆ ನುಣುಪಾದ ಕೈಯಗಲ ಜಾಗದಲ್ಲಿ, ಗೋಡೆ ಬೆಚ್ಚಗಾಗಿರಬೇಕು.